ಎಳೆಯುವ ಕೈ

ಒಂಬತ್ತನೆಯ ಕಂತು

"ಬಗ್ಗಿ ನೋಡು," ಎಂದೆ.

ನಗಮಿನೆ ಬಗ್ಗಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದರು. ಬಗ್ಗಿದ್ದರೆ ಮುಗ್ಗರಿಸಿ ಸುಟ್ಟ ತಗಡಿನ ಮೇಲೆಯೇ ಬೀಳುತ್ತಿದ್ದ. ಅದು ನನ್ನ ಮಂಡೆಗೆ ಆಮೇಲೆ ಹೊಳೆಯಿತು. ಕಟ್ಟು ಬಿಚ್ಚು ಎಂದು ಕಾವಲಿನವನಿಗೆ ಹೇಳಿದೆ. ಅವನು ಕೇಳಿಸದವನಂತೆ ನಿಂತ. ನಾನು ದೊಡ್ಡ ದ್ವೀಪದ ಮುಖ್ಯ ಠಾಣ್ಯದಿಂದ ವಿಚಾರಣೆಗೆ ಬಂದವನು, ದೋಣಿಯಲ್ಲಿ ರಾತ್ರಿಯೆಲ್ಲಾ ವಾಂತಿ ಮಾಡಿಕೊಂಡು ಬಂದದ್ದು ನಿನ್ನ ಮುಖ ನೋಡಲಿಕ್ಕಲ್ಲ ಎಂದು ರೇಗಿದ ಮೇಲೆ ಬಿಚ್ಚಿದ.

ನಮ್ಮ ಮುಂದೆ ಬಿದ್ದಿದ್ದ ಬೂದಿ ಮೊನ್ನೆಯವರೆಗೆ ನಮ್ಮ ಜಪಾನಿ ನೌಕಾಪಡೆಯ ಒಂದು ರೇಸೆನ್ ಕಾದಾಟದ ವಿಮಾನವಾಗಿತ್ತು. ಉಸಾಮಿ ಎಂಬ ಪೈಲಟ್ ಅದನ್ನು ಇಳಿಸುವಾಗ ಇಂಜಿನ್ ತಗ್ಗುವ ಬದಲು ಭೋರ್ಗರೆದು, ವಿಮಾನ ಹಾದಿ ಬಿಟ್ಟು ಪೆಟ್ರೋಲ್ ಪೀಪಾಯಿಗಳಿಗೆ ನುಗ್ಗಿತ್ತು. ಅವನ ಜೊತೆ ನೆಲದ ಮೇಲಿದ್ದ ನಾಲ್ವರೂ ಸುಟ್ಟುಹೋದರು. ಬೇಕೆಂದೇ ಯಂತ್ರ ಕೆಡಿಸಿದ ಎಂದು ಮೆಕ್ಯಾನಿಕ್ ನಗಮಿನೆಗೆ ಮರಣದಂಡನೆಯಾಗಿತ್ತು. ಇವತ್ತು ಹೊತ್ತು ಮುಳುಗುವಾಗ ಗುಂಡು. ಅಷ್ಟರೊಳಗೆ ನಾನು ಬೇರೆ ಸತ್ಯ ತೋರಿಸದಿದ್ದರೆ ಅವನ ಕಥೆ ಮುಗಿಯಿತು.

"ಇದನ್ನ ನೋಡು," ಎಂದು ಹಿಡಿಯ ಮೇಲೆ ಬೆರಳಿಟ್ಟೆ.

ಪೈಲಟ್‌ನ ಎಡಗೈಗೆ ಸಿಗುವಂತೆ ಇರುವ ಹಿಡಿ ಅದು. ಇಂಜಿನ್ನಿನ ವೇಗ ಏರಿಸುವುದು ಇಳಿಸುವುದು ಎಲ್ಲಾ ಅದರಲ್ಲೇ. ನಮ್ಮ ನೌಕಾಪಡೆಯಲ್ಲಿ ಮುಂದಕ್ಕೆ ತಳ್ಳಿದರೆ ಏರು, ಹಿಂದಕ್ಕೆ ಎಳೆದರೆ ಇಳಿ. ಬೂದಿಯಲ್ಲಿ ಆ ಹಿಡಿ ಪೂರ್ತಿ ಹಿಂದಕ್ಕೆ ಬಂದು ನಿಂತಿತ್ತು. ಎಂದರೆ ಉಸಾಮಿ ವೇಗ ಇಳಿಸಿದ್ದ. ಆದರೆ ಪ್ರೊಪೆಲ್ಲರಿನ ಮೂರು ಅಲಗುಗಳೂ ಮುಂದಕ್ಕೆ ಬಾಗಿದ್ದವು. ಇಂಜಿನ್ ಪೂರ್ತಿ ಜೋರಿನಲ್ಲಿರುವಾಗ ನೆಲಕ್ಕೆ ಬಡಿದರೆ ಮಾತ್ರ ಅವು ಹಾಗೆ ಬಾಗುತ್ತವೆ.

ಕೈ ಇಳಿ ಎಂದಿತ್ತು, ಇಂಜಿನ್ ಏರಿತ್ತು. ಹಿಡಿಗೂ ಇಂಜಿನ್ನಿಗೂ ನಡುವಿನ ಸರಳನ್ನು ಯಾರೋ ಉಲ್ಟಾ ಜೋಡಿಸಿದ್ದರು.

"ಜೋಡಿಸಿದ್ದು ನೀನೇ ತಾನೆ?"

"ಹೂಂ ಸ್ವಾಮಿ. ನಾನೇಯ. ತಪ್ಪು ನಂದೇಯ."

"ಬಾಯಿಪಾಠ ಒಪ್ಪಿಸಬೇಡ. ಇದನ್ನೇ ನೂರು ಸಲ ಹೇಳಿದೀಯ."

ಅವನು ದೂರದ ಓಕಿನಾವಾ ದ್ವೀಪದವನು. ಅವನ ಮಾತಿನ ಧಾಟಿ ಕೇಳಿದರೆ ಇಲ್ಲಿಯವರೆಲ್ಲಾ ಮುಸಿಮುಸಿ ನಗುತ್ತಾರೆ. ಐದು ಜನ ಸುಟ್ಟುಹೋದ ಮೇಲೆ ಆ ನಗುವೂ ನಿಂತು, ಅವನ ಮುಖಕ್ಕೆ ಉಗುಳಲು ಶುರು ಮಾಡಿದ್ದರು. ಅಂಗಿಯ ಮೇಲೆ ಅದರ ಕಲೆ ಇತ್ತು.

ಸರಳಿನ ತುದಿಯಲ್ಲಿ ಎರಡು ತೂತುಗಳಿವೆ. ಪಿನ್ನು ಮೇಲಿನ ತೂತಿನಲ್ಲಿದ್ದರೆ ಹಿಡಿ ಸರಿಯಾಗಿ ನಡೆಯುತ್ತದೆ. ಕೆಳಗಿನದರಲ್ಲಿದ್ದರೆ ತಿರುಗಾಮುರುಗಾ. ಈಗ ಅದು ಕೆಳಗಿನದರಲ್ಲಿತ್ತು. ನಾನು ಪಿನ್ನು ಕಿತ್ತು, ಕರವಸ್ತ್ರಕ್ಕೆ ಉಗುಳು ಹಚ್ಚಿ ಮಸಿ ಒರೆಸಿದೆ. ನನಗಿರುವುದು ಒಂದೇ ಕಣ್ಣು, ಆದರೂ ಚೆನ್ನಾಗಿಯೇ ಕಂಡಿತು. ದುಂಡಗೆ ಇರಬೇಕಾದ ತೂತು ಸವೆದು ಮೊಟ್ಟೆಯ ಹಾಗೆ ಉದ್ದವಾಗಿತ್ತು. ಒಳಗೆಲ್ಲಾ ಪಿನ್ನು ತಿಕ್ಕಿ ತಿಕ್ಕಿ ನುಣುಪು.

"ಒಂದು ರಾತ್ರೀಲಿ ಹೀಗೆ ಸವೆಯುತ್ತೇನೋ?"

ನಗಮಿನೆ ಹಗ್ಗದ ಗುರುತು ಬಿದ್ದ ಮಣಿಕಟ್ಟು ಉಜ್ಜಿಕೊಂಡ.

"ಕೆಡಿಸಬೇಕು ಅಂದ್ಕೊಂಡೋನು ಹಿಂದಿನ ರಾತ್ರಿ ಬಂದು ಕೆಡಿಸ್ತಾನೆ. ಇದು ವಾರಗಟ್ಟಲೆ ಹೀಗೇ ಹಾರಿದೆ. ಹಾರಿಸಿದೋನಿಗೆ ಹೀಗೇ ಬೇಕಿತ್ತು. ದಿನಾ ಬೆಳಿಗ್ಗೆ ಈ ಇಂಜಿನ್ ಬಿಸಿ ಮಾಡ್ತಿದ್ದೋನು ನೀನು. ಅವನು ಕೇಳಿದ, ನೀನು ಮಾಡಿಕೊಟ್ಟೆ. ಯಾರದು?"

"ಗೊತ್ತಿಲ್ಲ ಸ್ವಾಮಿ."

"ಸಂಜೆ ಸಾಯ್ತೀಯ ಮಾರಾಯ."

"ಗೊತ್ತು."

ಅವನ ಮೊಣಕಾಲು ನಡುಗುತ್ತಿದ್ದವು. ಮಾತು ನಡುಗುತ್ತಿರಲಿಲ್ಲ. ಸಾವಿಗೆ ಇಷ್ಟು ಹೆದರುವವನು ಸಾಯಲು ಹೇಗೆ ಒಪ್ಪಿಕೊಂಡ ಎಂದು ನನಗೆ ಸಿಟ್ಟು ಬಂತು.

"ಒಂದ್ ಮಾತ್ ಕೇಳ್ತೀನಿ ಸ್ವಾಮಿ," ಎಂದ ನಿಧಾನಕ್ಕೆ. "ಆ ಕೈ ಆಕಾಸದಾಗೆ ಇಲ್ದೇ ಹೋದ್ರೆ ಈ ದ್ವೀಪ ಎಷ್ಟ್ ದಿನ ಉಳೀತದೆ? ನಾನು ನಟ್ಟು ಬೋಲ್ಟು ತಿರುಗಿಸೋನು. ನನ್ನಂಥೋನು ಇನ್ನೊಬ್ಬ ಬತ್ತಾನೆ. ಅಂಥ ಕೈ ಸಿಗಾಕಿಲ್ಲ. ಮಾತು ಕೊಟ್ಟಿವ್ನಿ. ಇನ್ನೇನೂ ಕೇಳ್ಬೇಡಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ವರ್ಷದ ಹಿಂದೆ ಈ ಸಾಗರದಲ್ಲಿ ನಮ್ಮ ರೇಸೆನ್ ಕಂಡರೆ ಸಾಕು, ಎದುರಾಳಿ ಹಡಗುಗಳು ದಿಕ್ಕು ಬದಲಿಸುತ್ತಿದ್ದವು. ಈಗ ಅವರ ಹಡಗುಗಳ ಬೆನ್ನಿನಿಂದಲೇ ನೀಲಿ ವಿಮಾನಗಳು ಗುಂಪುಗುಂಪಾಗಿ ಏಳುತ್ತವೆ. ತಲೆಯ ಮೇಲೆ ನಮ್ಮ ಕಾದಾಟದ ವಿಮಾನ ಇದ್ದರೆ ಅಕ್ಕಿಯ ಹಡಗು ದಡ ಮುಟ್ಟುತ್ತದೆ. ಇಲ್ಲದಿದ್ದರೆ ಮೀನಿಗೆ ಅಕ್ಕಿ, ನಮಗೆ ಗೆಣಸು. ಈ ದ್ವೀಪದಲ್ಲಿ ಹಾರಬಲ್ಲ ವಿಮಾನಗಳನ್ನು ಕೈಬೆರಳಿನಲ್ಲಿ ಎಣಿಸಬಹುದಿತ್ತು. ಹಾರಿಸಬಲ್ಲವರು ಇನ್ನೂ ಕಡಿಮೆ.

ಹಿಡಿಯನ್ನೂ ಸರಳನ್ನೂ ಕಿತ್ತು ನನ್ನ ಚೀಲಕ್ಕೆ ಹಾಕಿಕೊಂಡೆ. ಕಾವಲಿನವನು ನಗಮಿನೆಯ ಕೈಗಳನ್ನು ಮತ್ತೆ ಕಟ್ಟಿದ.

*

ಎಳೆದರೆ ಏರುವ ಹಿಡಿ ಯಾರಿಗೆ ಬೇಕು?

ಓಟದ ಹಾದಿಯ ಅಂಚಿನಲ್ಲಿ ನಡೆಯುತ್ತಾ ಇದನ್ನೇ ಯೋಚಿಸುತ್ತಿದ್ದೆ. ಉತ್ತರ ಹೊಳೆದಾಗ ಆ ಸುಡುಬಿಸಿಲಿನಲ್ಲೇ ನಿಂತುಬಿಟ್ಟೆ.

ಭೂಸೇನೆಯವರಿಗೆ.

ನಮಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಒಂದೇ ಚಕ್ರವರ್ತಿ, ಒಂದೇ ಬಾವುಟ, ಆದರೆ ನಾವು ಬಳಸುವ ಗುಂಡು ಅವರ ಬಂದೂಕಿಗೆ ಹೊಂದುವುದಿಲ್ಲ. ಹಾರುವುದನ್ನು ನಮಗೆ ಕಲಿಸಿದ್ದು ಇಂಗ್ಲಿಷರು, ತಳ್ಳಿದರೆ ಏರು. ಅವರಿಗೆ ಕಲಿಸಿದ್ದು ಫ್ರೆಂಚರು, ಎಳೆದರೆ ಏರು. ಗುರುಗಳು ಎಂದೋ ಊರಿಗೆ ಹೋದರು, ಕೈಗಳು ಮಾತ್ರ ಹಾಗೇ ಉಳಿದವು.

ಹಾಗಾದರೆ ನೌಕಾಪಡೆಯ ಬಟ್ಟೆ ತೊಟ್ಟ ಭೂಸೇನೆಯವನೊಬ್ಬ ಈ ದ್ವೀಪದಲ್ಲಿದ್ದಾನೆ. ತನ್ನ ವಿಮಾನದ ಹಿಡಿಯನ್ನು ತನ್ನ ಕೈಗೆ ತಕ್ಕಂತೆ ಉಲ್ಟಾ ಮಾಡಿಸಿಕೊಂಡಿದ್ದಾನೆ. ಮೊನ್ನೆ ದಾಳಿಯ ಗಂಟೆ ಬಾರಿಸಿದಾಗ ಉಸಾಮಿ ಹತ್ತಿರ ಸಿಕ್ಕ ವಿಮಾನ ಹತ್ತಿದ. ಹಿಡಿ ಉಲ್ಟಾ ಎಂದು ಅವನಿಗೆ ಹೊರಡುವಾಗಲೇ ತಿಳಿದಿರಬೇಕು. ಬೈದುಕೊಂಡು ಹಾಗೇ ಹಾರಿದ, ಕಾದಾಡಿದ. ಗುಂಡೇಟು ತಿಂದು ವಾಪಸು ಬಂದ. ಇಳಿಯುವ ಕೊನೆಯ ಗಳಿಗೆಯಲ್ಲಿ ಹೆದರಿದ. ಹೆದರಿದ ಕೈಗೆ ಮೊದಲು ಕಲಿತದ್ದು ಮಾತ್ರ ನೆನಪಿರುತ್ತದೆ. ಪಾಪ, ಅವನ ಕೈ ಎಳೆಯಿತು.

ದಳನಾಯಕ ಅಕಾಬಾನೆ ಗರಿಯ ಚಪ್ಪರದಡಿ ಬೀಸಣಿಗೆ ಬೀಸಿಕೊಳ್ಳುತ್ತಾ ಕೂತಿದ್ದರು. ಸಣ್ಣ ಮೈಕಟ್ಟು, ಮೆತ್ತನೆಯ ಮಾತು. ಈ ದ್ವೀಪಕ್ಕೆ ಅವರೇ ಯಜಮಾನರು. ನನ್ನನ್ನು ಕಂಡು ಎದ್ದು ನಿಂತರು. ಅಷ್ಟು ದೊಡ್ಡವರು ನನ್ನಂಥವನಿಗೆ ಎದ್ದು ನಿಲ್ಲುವ ಅಗತ್ಯವಿರಲಿಲ್ಲ.

"ಬನ್ನಿ ಕುಜಿರಾಯ್ ಅವರೇ. ಸೋಡಾ ಕುಡೀರಿ, ಬೆಚ್ಚಗಿದೆ, ಕ್ಷಮಿಸಿ."

ಎಲ್ಲವನ್ನೂ ಹೇಳಿದೆ. ಸವೆದ ತೂತು, ಉಲ್ಟಾ ಹಿಡಿ, ಭೂಸೇನೆಯ ಕೈ. ಅವರ ಬೀಸಣಿಗೆ ಒಂದು ಸಲ ನಿಂತು ಮತ್ತೆ ಬೀಸತೊಡಗಿತು.

"ಆ ವಿಮಾನ ನಮ್ಮ ಪೈಲಟ್ ಇಸುರುಗಿದು," ಎಂದರು. "ಬಾಲದ ಮೇಲೆ ಅವನ ಸಂಖ್ಯೆ ನೋಡಿದಿರಲ್ಲ."

"ಆತ ಇಲ್ಲಿಗೆ ಯಾವಾಗ ಬಂದದ್ದು?"

"ನನ್ನ ಜೊತೇಲೇ. ನಾವು ಬರ್ತಿದ್ದ ಹಡಗು ಮುಳುಗ್ತು. ತೆಪ್ಪದ ಮೇಲೆ ಬದುಕಿ ಉಳಿದೋರು ನಾವಿಬ್ಬರೇ. ಜಲಾಂತರ್ಗಾಮಿ ಎತ್ತಿಕೊಂಡು ಬಂದು ಇಲ್ಲಿ ಬಿಡ್ತು. ಕಾಗದಪತ್ರ ಎಲ್ಲಾ ನೀರುಪಾಲು." ತಲೆ ತಗ್ಗಿಸಿದರು. "ನನಗೆ ನಂಬೋಕೆ ಕಷ್ಟ ಆಗ್ತಿದೆ. ತೆಪ್ಪದಲ್ಲಿ ಅವನು ತನ್ನ ಪಾಲಿನ ನೀರು ನನಗೆ ಕುಡಿಸಿದ್ದ."

"ಅವನ ಕೈ ಒಂದು ಸಲ ಹೆದರಬೇಕು ದಳನಾಯಕರೇ. ಸಾಕು."

"ಹೆದರಿಸಿ," ಎಂದರು. "ನಿಮ್ಮ ಲೆಕ್ಕ ಸರಿಯಾದರೆ ನಗಮಿನೆ ಉಳೀತಾನೆ. ನನಗೂ ಆ ಬಡಪಾಯಿ ಸಾಯೋದು ಬೇಕಿಲ್ಲ."

ಅವರಿಗೆ ಸೊಂಟ ಬಗ್ಗಿಸಿ ವಂದಿಸಿ ಹೊರಟೆ. ಇಂಥ ಹಿರಿಯರೂ ಇದ್ದಾರಲ್ಲ ಎಂದು ಮನಸ್ಸು ಹಗುರವಾಗಿತ್ತು.

*

ಇಸುರುಗಿ ತನಗೆ ಕೊಟ್ಟಿದ್ದ ಬೇರೆ ವಿಮಾನದಲ್ಲಿ ಕೂತು ಅನ್ನದ ಉಂಡೆ ತಿನ್ನುತ್ತಿದ್ದ. ದಾಳಿಯ ಗಂಟೆಗೆ ಕಾಯುವ ಪಾಳಿ. ಮುಖ ಹಳದಿಯಾಗಿತ್ತು, ಸೊಂಟದ ಪಟ್ಟಿ ಸಡಿಲವಾಗಿ ಜೋಲುತ್ತಿತ್ತು. ಕಣ್ಣುಗಳಲ್ಲಿ ತುಂಟತನ.

"ಒಂದೇ ಕಣ್ಣಿನ ಪತ್ತೇದಾರರು ನೀವೇನಾ? ಅರ್ಧ ಸತ್ಯ ಕಾಣಿಸುತ್ತೆ ಅನ್ನಿ."

"ಉಳಿದರ್ಧ ನೀವು ಹೇಳ್ತೀರಲ್ಲ. ಇಂಜಿನ್ ಶುರು ಮಾಡಿ. ಹಾದಿಯ ತುದಿವರೆಗೂ ನೆಲದ ಮೇಲೇ ನಡೆಸ್ಕೊಂಡು ಹೋಗಿ. ನಾನು ರೆಕ್ಕೆ ಮೇಲೆ ನಿಂತಿರ್ತೀನಿ. ಸದ್ದು ಕೇಳಬೇಕು."

"ಬೀಳ್ತೀರಿ ಕುಜಿರಾಯ್ ಅವರೇ."

"ಬಿದ್ದರೆ ನಿಮಗೇನು ನಷ್ಟ?"

ನಗುತ್ತಾ ಉಂಡೆಯ ಚೂರು ಬಾಯಿಗೆ ಹಾಕಿಕೊಂಡ. ಇಂಜಿನ್ ಕೆಮ್ಮಿ ಶುರುವಾಯಿತು.

ನಾನು ಹಿಂದೆ ಪೈಲಟ್ ಆಗಿದ್ದವನು. ಎಡಗಣ್ಣು ಹೋದದ್ದೂ ವಿಮಾನದಲ್ಲೇ. ಅಂದಿನಿಂದ ಈ ಸದ್ದು ಹತ್ತಿರದಲ್ಲಿ ಕೇಳಿದರೆ ಅಂಗೈ ಬೆವರುತ್ತದೆ. ಅದಕ್ಕೇ ಎಲ್ಲಿಗೆ ಹೋಗುವುದಿದ್ದರೂ ದೋಣಿ. ಈಗ ರೆಕ್ಕೆ ಹತ್ತಿ ಕಾಕ್‌ಪಿಟ್ಟಿನ ಅಂಚು ಹಿಡಿದು ನಿಂತೆ, ಇನ್ನೊಂದು ಕೈಯಲ್ಲಿ ಟೋಪಿ.

ಉಪಾಯ ಸರಳವಾಗಿತ್ತು. ಈ ವಿಮಾನದ ಪಿನ್ನು ಮೇಲಿನ ತೂತಿನಲ್ಲೇ ಇದೆ ಎಂದು ಮೊದಲೇ ನೋಡಿಕೊಂಡಿದ್ದೆ. ಹಾದಿಯ ನಡುವೆ ತೆಂಗಿನ ಮರಗಳ ಮರೆಯಲ್ಲಿ ಇನ್ನೊಬ್ಬ ಕಾವಲಿನವನು ಒಂದು ಕೈಗಾಡಿ ಇಟ್ಟುಕೊಂಡು ನಿಂತಿದ್ದ. ನಾನು ಟೋಪಿ ಬೀಳಿಸಿದರೆ ಗಾಡಿಯನ್ನು ವಿಮಾನದ ಎದುರಿಗೆ ನೂಕಬೇಕು. ಗಾಡಿ ಕಂಡವನು ವೇಗ ಇಳಿಸಲೇಬೇಕು. ನೌಕಾಪಡೆಯ ಕೈಯಾದರೆ ಎಳೆಯುತ್ತದೆ. ಭೂಸೇನೆಯ ಕೈಯಾದರೆ ಇಳಿಸಲೆಂದು ತಳ್ಳುತ್ತದೆ, ಆಗ ಇಂಜಿನ್ ಭೋರ್ಗರೆದು ಗಾಡಿಗೆ ಗುದ್ದುತ್ತದೆ, ನಾನು ರೆಕ್ಕೆಯಿಂದ ಹಾರಿಹೋಗುತ್ತೇನೆ. ನನ್ನ ಲೆಕ್ಕ ಸರಿಯಾದರೆ ನನ್ನ ಮೂಳೆ ಮುರಿಯುತ್ತದೆ, ತಪ್ಪಾದರೆ ಮರ್ಯಾದೆ ಹೋಗುತ್ತದೆ.

ವಿಮಾನ ಉರುಳತೊಡಗಿತು. ಗಾಳಿ ಮುಖಕ್ಕೆ ಬಡಿಯಿತು.

"ಇಷ್ಟು ದೂರನೇ ಈಗ ನಮ್ಮ ಹಾರಾಟ," ಎಂದು ಇಸುರುಗಿ ಕೂಗಿದ. "ಮೊದಲೆಲ್ಲಾ ಹುಡುಕಿಕೊಂಡು ಹೋಗಿ ಹೊಡೀತಿದ್ವಿ, ನಾಲ್ಕು ತಾಸು ನೀರಿನ ಮೇಲೆ. ಇಲ್ಲಿ ದಡ ಕಣ್ಣಿಗೆ ಮರೆಯಾಗೋ ಹಾಗೇ ಇಲ್ಲವಂತೆ. ದಳನಾಯಕರ ಆಜ್ಞೆ. ತೆಂಗಿನಮರದ ಮೇಲೇ ಕಾದಾಟ."

ಪೆಟ್ರೋಲ್ ಇಲ್ಲವಲ್ಲ, ಮತ್ತಿನ್ನೇನು ಮಾಡುತ್ತಾರೆ ಎಂದುಕೊಂಡೆ.

"ನಿಮ್ಮ ವಿಮಾನದ ಹಿಡಿ ಉಲ್ಟಾ ಇತ್ತು," ಎಂದು ಕೂಗಿದೆ.

"ಯಾವ ವಿಮಾನ?"

"ಉಸಾಮಿ ಸತ್ತ ವಿಮಾನ. ಬಾಲದ ಮೇಲೆ ನಿಮ್ಮ ಸಂಖ್ಯೆ."

ಅವನ ಮುಖದ ನಗು ಹೋಯಿತು. "ಉಲ್ಟಾ ಅಂದ್ರೆ?"

"ಎಳೆದರೆ ಏರೋ ಹಾಗೆ. ಭೂಸೇನೆಯವರ ಕೈಗೆ ಬೇಕಾದ ಹಾಗೆ."

"ನನ್ನನ್ನ ಮಣ್ಣುಹುಳ ಅಂತಿದೀರಾ?" ಭೂಸೇನೆಯವರನ್ನು ನಾವು ಕರೆಯುವುದೇ ಹಾಗೆ. "ಏನ್ರೀ, ಬಾಯಿಗೆ ಬಂದ ಹಾಗೆ ಮಾತಾಡ್ತೀರಲ್ಲ? ನಮ್ಮಪ್ಪ ನೌಕಾಪಡೆ, ನಮ್ಮಜ್ಜ ನೌಕಾಪಡೆ."

"ನಿಮ್ಮ ಕಾಗದಪತ್ರ ನೀರುಪಾಲಾಗಿದೆ."

"ಹಡಗೇ ನೀರುಪಾಲಾಗಿದೆ, ಕಾಗದ ಏನು ಒಣಗಿರುತ್ತಾ?"

"ನಿಮ್ಮ ಗುಟ್ಟಿಗೋಸ್ಕರ ಒಬ್ಬ ಸಂಜೆ ಸಾಯ್ತಾನೆ ಇಸುರುಗಿ. ಕೈ ಕಟ್ಟಿ ಕೂರಿಸಿದಾರೆ. ಮೊಣಕಾಲು ನಡುಗ್ತಿದೆ, ಬಾಯಿ ಬಿಡ್ತಿಲ್ಲ. ನಿಮಗೆ ಅನ್ನ ಇಳಿಯುತ್ತಾ?"

ಅವನು ನನ್ನ ಕಡೆ ಪೂರ್ತಿ ತಿರುಗಿದ. ನನಗೆ ಬೇಕಾದದ್ದೂ ಅದೇ. ಟೋಪಿ ಕೈಬಿಟ್ಟೆ.

ಗಾಡಿ ಮರಗಳ ಮರೆಯಿಂದ ಉರುಳಿಕೊಂಡು ಹಾದಿಯ ನಡುವಿಗೆ ಬಂತು. ಇಸುರುಗಿ ಅದನ್ನು ಕಂಡಾಗ ತುಂಬಾ ತಡವಾಗಿತ್ತು. ಬಾಯಿ ತೆರೆದ. ನಾನು ಗಾಡಿಯನ್ನು ನೋಡಲಿಲ್ಲ, ಅವನ ಎಡಗೈಯನ್ನೇ ನೋಡಿದೆ.

ಕೈ ಎಳೆಯಿತು.

ಯೋಚಿಸಿ ಎಳೆದದ್ದಲ್ಲ. ಬಿಸಿ ಪಾತ್ರೆ ಮುಟ್ಟಿದವನು ಕೈ ಕಿತ್ತುಕೊಳ್ಳುವ ಹಾಗೆ ಎಳೆದದ್ದು. ಇಂಜಿನ್ ತಗ್ಗಿತು. ಕಾಲಿನಿಂದ ಬ್ರೇಕು ಒತ್ತಿದ, ವಿಮಾನ ಅರ್ಧ ಸುತ್ತು ತಿರುಗಿ ಗಾಡಿಯ ಪಕ್ಕದಲ್ಲಿ ನಿಂತಿತು. ನಾನು ರೆಕ್ಕೆಯಿಂದ ಜಾರಿ ಮಣ್ಣಿನಲ್ಲಿ ಮೊಣಕಾಲೂರಿದೆ.

ಅದು ನೌಕಾಪಡೆಯ ಕೈ. ಅನುಮಾನವೇ ಇರಲಿಲ್ಲ.

ಇಸುರುಗಿ ಇಂಜಿನ್ ನಿಲ್ಲಿಸಿ ಕೆಳಗೆ ಹಾರಿ ನನ್ನ ಕಾಲರ್ ಹಿಡಿದ. "ಹುಚ್ಚು ಹಿಡಿದಿದೆಯೇನ್ರೀ ನಿಮಗೆ? ಇಬ್ಬರೂ ಸಾಯ್ತಿದ್ವಿ."

"ಹಿಡಿ ಉಲ್ಟಾ ಇದ್ದ ವಿಮಾನ ನೀವು ಹೇಗೆ ಹಾರಿಸಿದಿರಿ ಹಾಗಾದ್ರೆ?"

"ನಾನೆಲ್ಲಿ ಹಾರಿಸಿದೆ? ಇಲ್ಲಿಗೆ ಬಂದ ವಾರದಲ್ಲೇ ಮಲೇರಿಯಾ ಹಿಡೀತು. ಮೊನ್ನೆ ಮೊನ್ನೆವರೆಗೂ ಚಾಪೆ ಬಿಟ್ಟು ಎದ್ದಿಲ್ಲ. ನನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?"

ಗೊತ್ತಾಗಬೇಕಿತ್ತು. ಹಳದಿ ಮುಖ, ಜೋಲುವ ಪಟ್ಟಿ, ಎಲ್ಲಾ ಕಣ್ಣೆದುರೇ ಇತ್ತು. ನನ್ನ ಮೇಲೇ ನನಗೆ ಅಸಹ್ಯವಾಯಿತು. ಸೂರ್ಯ ಪಡುವಣಕ್ಕೆ ವಾಲಿದ್ದ. ನಗಮಿನೆಯ ಅರ್ಧ ದಿನವನ್ನು ನಾನು ತಪ್ಪು ಮನುಷ್ಯನ ಹಿಂದೆ ಕಳೆದಿದ್ದೆ.

"ಮತ್ತೆ ನೀವು ಮಲಗಿದ್ದಾಗ ಅದನ್ನ ಯಾರು ಹಾರಿಸ್ತಿದ್ರು?"

ಇಸುರುಗಿ ನನ್ನ ಕಾಲರ್ ಬಿಟ್ಟ. ಏನೋ ಹೇಳಲು ಬಾಯಿ ತೆರೆದವನು ನನ್ನ ಭುಜದಾಚೆ ನೋಡಿ, ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತುಬಿಟ್ಟ.

ದಳನಾಯಕರು ಬರುತ್ತಿದ್ದರು.

*

"ದೂರದಿಂದ ನೋಡ್ತಿದ್ದೆ," ಎಂದರು ಅಕಾಬಾನೆ. "ಧೈರ್ಯಸ್ಥರು ನೀವು. ಇಸುರುಗಿ, ನೀನು ಹೋಗಿ ಮಲಗು. ಇನ್ನೂ ನಿತ್ರಾಣ ಹೋಗಿಲ್ಲ ನಿನಗೆ."

ಇಸುರುಗಿ ವಂದಿಸಿ ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನನ್ನನ್ನು ನೋಡಿದ. ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡೆ.

"ನನ್ನ ಲೆಕ್ಕ ತಪ್ಪಿತು ದಳನಾಯಕರೇ."

"ತಪ್ಪಲಿ ಬಿಡಿ. ಸವೆದ ತೂತು ಸುಳ್ಳಲ್ಲವಲ್ಲ. ಅದನ್ನ ಅಡ್ಮಿರಲ್ ಅವರಿಗೆ ತೋರಿಸಿದರೆ ಶಿಕ್ಷೆ ತಡೆಹಿಡೀತಾರೆ. ಅವರೊಬ್ಬರಿಗೇ ಆ ಅಧಿಕಾರ ಇರೋದು, ನನ್ನ ಕೈ ಕಟ್ಟಿಹಾಕಿದೆ."

"ಅವರಿರೋದು ದೊಡ್ಡ ದ್ವೀಪದಲ್ಲಿ. ಇಲ್ಲಿಯ ರೇಡಿಯೋ ಕಂಬ ಬಾಂಬಿಗೆ ಬಿದ್ದಿದೆ. ದೋಣಿ ನಾಳೆ."

"ಅದಕ್ಕೇ ಬಂದೆ." ಮರದ ನೆರಳಿನತ್ತ ಕೈ ತೋರಿಸಿದರು.

ಅಲ್ಲಿ ಎಲೆಗಳಿಂದ ಮುಚ್ಚಿದ ಎರಡಾಸನದ ಹಳೆಯ ತಾಲೀಮು ವಿಮಾನ ನಿಂತಿತ್ತು. ಇಬ್ಬರು ಅದರ ಮೇಲಿನ ಸೊಪ್ಪು ಕಿತ್ತು ಹಾಕುತ್ತಿದ್ದರು.

"ಅರ್ಧ ಗಂಟೆ ಹಾರಾಟ. ನಾನೇ ಕರ್ಕೊಂಡು ಹೋಗ್ತೀನಿ. ಹೊತ್ತು ಮುಳುಗೋದ್ರೊಳಗೆ ವಾಪಸ್ ಬರಬಹುದು. ನಿಮ್ಮ ಚೀಲ ತಗೊಳ್ಳಿ, ಆ ಸರಳು ಇರಲಿ ಜೊತೇಲಿ."

ವಿಮಾನದೊಳಗೆ ಕೂತು ಮೂರು ವರ್ಷವಾಗಿತ್ತು. ಬೇಡ, ನೀವೇ ಹೋಗಿ ಬನ್ನಿ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಆಗ ಸಮುದ್ರದ ಕಡೆ ನೋಡಿದೆ. ಮರಳಿನ ಮೇಲೆ ಇಬ್ಬರು ಗುಂಡಿ ತೋಡಿ ಒಂದು ಕಂಬ ನೆಡುತ್ತಿದ್ದರು. ಒಬ್ಬ ಕಂಬ ಹಿಡಿದು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

"ಬರ್ತೀನಿ," ಎಂದೆ.

ಹಿಂದಿನ ಆಸನದಲ್ಲಿ ನನ್ನನ್ನು ಕೂರಿಸಿ ಪಟ್ಟಿ ಬಿಗಿದರು. ಚೀಲವನ್ನು ತೊಡೆಯ ಮೇಲೆ ಅಪ್ಪಿಕೊಂಡೆ. ಬೆವರು ಗಾಜುಗಣ್ಣಿನ ಅಂಚಿನಿಂದ ಇಳಿಯುತ್ತಿತ್ತು. ಮುಂದಿನ ಆಸನದಲ್ಲಿ ದಳನಾಯಕರ ತಲೆಯ ಹಿಂಭಾಗ ಕಾಣುತ್ತಿತ್ತು. ಮಾತಾಡಲು ಇಬ್ಬರ ನಡುವೆ ಒಂದು ರಬ್ಬರ್ ಕೊಳವೆ.

ಗುರು ಶಿಷ್ಯನಿಗೆ ಕಲಿಸುವ ವಿಮಾನ ಅದು. ಮುಂದೆ ಇರುವುದೆಲ್ಲಾ ಹಿಂದೆಯೂ ಇರುತ್ತದೆ, ಒಂದಕ್ಕೊಂದು ಜೋಡಿಸಿರುತ್ತಾರೆ. ಮುಂದಿನವನ ಕೈ ಏನು ಮಾಡಿದರೂ ಹಿಂದಿನವನ ಅಂಗೈಗೆ ತಿಳಿಯುತ್ತದೆ. ಭಯಕ್ಕೆ ಏನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು. ನನ್ನ ಎಡಗೈ ತಾನಾಗಿ ಹೋಗಿ ವೇಗದ ಹಿಡಿಯ ಮೇಲೆ ಕೂತಿತು.

ಹಿಡಿ ನಿಧಾನವಾಗಿ ಮುಂದಕ್ಕೆ ಸರಿಯಿತು. ಇಂಜಿನ್ ಏರಿತು. ಎಲ್ಲಾ ಸರಿಯಾಗಿತ್ತು. ತೆಂಗಿನ ಮರಗಳು ಹಿಂದಕ್ಕೆ ಓಡತೊಡಗಿದವು. ಹಿಡಿ ಪೂರ್ತಿ ಮುಂದಕ್ಕೆ ಹೋಗಿ ನಿಂತಿತು. ನಾನು ಬುದ್ಧನ ಹೆಸರು ಹೇಳಿಕೊಳ್ಳುತ್ತಿದ್ದೆ.

ಬಾಂಬು ಬಿದ್ದು ಮುಚ್ಚಿದ ಗುಂಡಿಯೊಂದರ ಮಣ್ಣು ಕುಸಿದಿತ್ತು. ಚಕ್ರ ಅದಕ್ಕೆ ಬಡಿಯಿತು. ಬಲರೆಕ್ಕೆ ನೆಲದತ್ತ ವಾಲಿತು, ಎದುರಿಗಿದ್ದ ಮರಗಳು ಒಮ್ಮೆಲೇ ದೊಡ್ಡವಾದವು. ಮುಂದಿನ ಆಸನದ ತಲೆ ಬೆಚ್ಚಿತು.

ಆಗ ನನ್ನ ಅಂಗೈಯಡಿಯ ಹಿಡಿ ಹಿಂದಕ್ಕೆ ಬಂತು. ನನ್ನ ಹೊಟ್ಟೆಗೆ ಗುದ್ದುವಷ್ಟು ಜೋರಾಗಿ.

ಇಂಜಿನ್ ಉಸಿರುಕಟ್ಟಿತು. ಒಂದು ಕ್ಷಣ ಬರೀ ಗಾಳಿಯ ಸದ್ದು. ಮರುಕ್ಷಣ ಹಿಡಿ ದಡಕ್ಕನೆ ಮುಂದಕ್ಕೆ ಹೋಯಿತು, ಇಂಜಿನ್ ಮತ್ತೆ ಕೂಗಿತು, ಚಕ್ರಗಳನ್ನು ತೆಂಗಿನ ಗರಿಗಳು ಸವರಿದವು. ನಾವು ನೀರಿನ ಮೇಲಿದ್ದೆವು.

ನೆಲ ಬಿಡುವಾಗ ರೆಕ್ಕೆ ವಾಲಿದರೆ ಯಾರಿಗಾದರೂ ಬೇಕಾಗುವುದು ಇನ್ನಷ್ಟು ವೇಗ. ಅವರಿಗೆ ಇನ್ನಷ್ಟು ವೇಗ ಬೇಕಿತ್ತು, ಅವರ ಕೈ ಎಳೆದಿತ್ತು.

ಇಸುರುಗಿ ಚಾಪೆಯ ಮೇಲಿದ್ದಾಗ ಅವನ ವಿಮಾನ ಹಾರಿಸುತ್ತಿದ್ದ ಭೂಸೇನೆಯ ಕೈ ಇದು. ತೆಪ್ಪದ ಮೇಲೆ ಉಳಿದವರು ಇಬ್ಬರು, ಕಾಗದಪತ್ರ ಇಬ್ಬರದೂ ನೀರುಪಾಲು. ಅವರೇ ಹೇಳಿದ್ದರು. ನಾನು ಮಾತ್ರ ಒಬ್ಬನ ಕಡೆಗೇ ನೋಡಿದೆ. ಇನ್ನೊಬ್ಬರ ಎದುರು ನನ್ನ ಸೊಂಟ ಬಗ್ಗಿತ್ತು, ಬಗ್ಗಿದವನ ಕಣ್ಣಿಗೆ ಎದುರಿನವರ ಬೂಟುಗಳಷ್ಟೇ ಕಂಡವು. ಈ ದ್ವೀಪದಲ್ಲಿ ಯಾರನ್ನು ಕೇಳಿದ್ದರೂ ಆ ವಿಮಾನ ಹಾರಿಸಿದ್ದು ಯಾರೆಂದು ಹೇಳುತ್ತಿದ್ದರು. ಕೇಳುವ ಮೊದಲೇ ಅವರು ನನ್ನನ್ನು ಅಲ್ಲಿಂದ ಎತ್ತಿಕೊಂಡು ಬಂದಿದ್ದರು. ಚೀಲದಲ್ಲಿ ಇದ್ದಬದ್ದ ಒಂದೇ ಸಾಕ್ಷಿಯೂ ಜೊತೆಗೇ ಬಂದಿತ್ತು.

ಹೆದರಿದ ನನ್ನ ಕೈ ಹಿಡಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು.

ದೊಡ್ಡ ದ್ವೀಪ ಇರುವುದು ಪಡುವಣಕ್ಕೆ. ಇಳಿಬಿಸಿಲು ಮುಖಕ್ಕೆ ಬೀಳಬೇಕಿತ್ತು. ಅದು ನನ್ನ ಕುತ್ತಿಗೆಯ ಹಿಂದೆ ಬೀಳುತ್ತಿತ್ತು. ಹತ್ತುವಾಗ ಅವರ ಕೈಯಲ್ಲಿ ನಕ್ಷೆಯ ಹಲಗೆ ಇರಲಿಲ್ಲ. ನೀರಿನ ಮೇಲೆ ಹಾರುವ ನಾವು ಅದಿಲ್ಲದೆ ಬಾವಿಕಟ್ಟೆಯನ್ನೂ ದಾಟುವುದಿಲ್ಲ. ದಡ ಮರೆಯಾಗುವಷ್ಟು ದೂರ ಎಂದೂ ಹೋಗದ ಮನುಷ್ಯ ಈಗ ದಡಕ್ಕೆ ಬೆನ್ನು ಮಾಡಿ ಹಾರುತ್ತಿದ್ದ. ಹಿಂದೆ ತಿರುಗಿ ನೋಡಿದೆ. ಮರಳಿನ ಮೇಲಿನ ಕಂಬ ಕಡ್ಡಿಯಷ್ಟಾಗಿತ್ತು.

ರಬ್ಬರ್ ಕೊಳವೆಯಲ್ಲಿ ಉಸಿರಿನ ಸದ್ದು ಬಂತು. ಆಮೇಲೆ ಅದೇ ಮೆತ್ತನೆಯ ದನಿ.

"ಕುಜಿರಾಯ್ ಅವರೇ, ವೇಗದ ಹಿಡಿ ಯಾಕೋ ಬಿಗಿ ಅನ್ನಿಸ್ತಿದೆ. ನಿಮ್ಮ ಕೈ ಏನಾದ್ರೂ ಅದರ ಮೇಲಿದೆಯಾ?"

ಮೆಲ್ಲಗೆ, ಒಂದೊಂದೇ ಬೆರಳು ಬಿಡಿಸಿ ಕೈ ತೆಗೆದೆ.

"ಇಲ್ಲ ದಳನಾಯಕರೇ," ಎಂದೆ. "ಚೀಲದ ಮೇಲಿದೆ."

ನನ್ನ ಕಣ್ಣೆದುರಿನ ಹಿಡಿ ಒಂದಿಷ್ಟು ಹಿಂದಕ್ಕೆ, ಒಂದಿಷ್ಟು ಮುಂದಕ್ಕೆ, ಸಲೀಸಾಗಿ ಆಡಿತು.

"ಹಾಂ," ಎಂದರು. "ಈಗ ಸಡಿಲ ಆಯ್ತು ನೋಡಿ."